ಗಂಡ ಹೆವಿವೇಟ್, ತಮ್ಮ ಫ್ಲೈವೇಟ್: ಕಮಾನಿನ ಹೆಸರಿನ ಬಗ್ಗೆ ಒಂದು ಅಹವಾಲು

ಶ್ರೀ ವಿಷ್ಣುಪ್ರಸಾದ್ ಅವರಿಗೆ,
ಅಧ್ಯಕ್ಷರು, ಪುತ್ತೂರು-ಸುಳ್ಯ-ಕಡಬ ಮುಷ್ಟಿಯುದ್ಧ ಪ್ರೇಮಿಗಳ ಸಂಘ

ಮಾನ್ಯರೇ,

ತಮಗೂ, ತಮ್ಮ ಮೈಕಿಗೂ, ತಮ್ಮ ಸಂಘದ ಲೆಕ್ಕವಿಲ್ಲದಷ್ಟು ಉಪಾಧ್ಯಕ್ಷರಿಗೂ ಕಡಬದಿಂದ ನನ್ನ ಗೌರವಪೂರ್ವಕ ನಮಸ್ಕಾರಗಳು. ತಾವೆಲ್ಲರೂ ಒಳ್ಳೆಯ ಆರೋಗ್ಯದಲ್ಲಿದ್ದೀರೆಂದು ನಂಬಿ, ಆ ಧೈರ್ಯದ ಮೇಲೆಯೇ ಈ ಪತ್ರ ಬರೆಯುತ್ತಿದ್ದೇನೆ. ನನ್ನ ಹೆಸರು ದಮಯಂತಿ, ಕಡಬ ಪೇಟೆಯಲ್ಲಿ ಬ್ಲೌಸು ಹೊಲಿಯುವವಳು. ಆದರೆ ತಮಗೆ ನನ್ನ ಗುರುತಿರುವುದು ಟಯರ್ ಅಂಗಡಿಯ ಚನಿಯಪ್ಪನವರ ಹೆಂಡತಿಯಾಗಿ ಮತ್ತು ನೆಟ್ಟಣ ಸ್ಟೇಷನ್ನಿನಿಂದ ಸುಬ್ರಹ್ಮಣ್ಯಕ್ಕೆ ಜೀಪು ಓಡಿಸುವ ಉಲ್ಲಾಸನ ಅಕ್ಕನಾಗಿ. ಈ ಎರಡು ಪದವಿಗಳನ್ನು ಒಟ್ಟಿಗೆ ನಿಭಾಯಿಸುವುದು ಇಷ್ಟು ವರ್ಷ ನನಗೆ ಕಷ್ಟವಾಗಿರಲಿಲ್ಲ. ಕಷ್ಟ ಮಾಡಿಕೊಟ್ಟವರು ತಾವು.

ಬಹಿರಂಗ ಪತ್ರವಾದ್ದರಿಂದ, ತಮಗೆ ಗೊತ್ತಿರುವ ಸಂಗತಿಯನ್ನೂ ಊರಿನವರಿಗಾಗಿ ಒಮ್ಮೆ ಹೇಳಬೇಕಾಗಿದೆ. ತೊಂಬತ್ತರ ದಶಕದಲ್ಲಿ ನಮ್ಮ ಯಜಮಾನರೂ ನನ್ನ ತಮ್ಮನೂ ಪುತ್ತೂರಿನಲ್ಲಿ ಒಬ್ಬರೇ ಗುರುಗಳ ಕೈಕೆಳಗೆ ಬಾಕ್ಸಿಂಗ್ ಕಲಿತವರು. ಯಜಮಾನರು ತೊಂಬತ್ತೊಂದು ಕಿಲೋ ಮೇಲಿನ ವಿಭಾಗದಲ್ಲಿ ಮೂರು ಸಲ ರಾಜ್ಯ ಚಾಂಪಿಯನ್. ಅವರು ಒಳಗೆ ಬಂದರೆ ಬಾಗಿಲಿನ ಬೆಳಕು ಹೋಗುತ್ತಿತ್ತು. ತಮ್ಮ ನಲವತ್ತೆಂಟು ಕಿಲೋದವನು, ಅವನೂ ರಾಜ್ಯ ಚಾಂಪಿಯನ್, ಮೇಲೆ ರಾಷ್ಟ್ರ ಮಟ್ಟದಲ್ಲಿ ಒಂದು ಕಂಚು. ಟೂರ್ನಮೆಂಟಿಗೆ ತಮ್ಮನನ್ನು ಕರೆದೊಯ್ಯಲು ಗುತ್ತಿಗಾರಿನ ನಮ್ಮ ಮನೆಗೆ ಬಂದ ಯಜಮಾನರು ಅಂಗಳದಲ್ಲಿ ನಿಂತು ಮತ್ತೆ ಮತ್ತೆ ಕುಡಿಯಲು ನೀರು ಕೇಳಿದರು, ಮತ್ತೆ ಮತ್ತೆ ನಾನೇ ತಂದುಕೊಟ್ಟೆ, ಮದುವೆಯಾಯಿತು. ಅಲ್ಲಿಂದ ಈಚೆಗೆ ಬಾವ-ಬಾವಮೈದುನರ ನಡುವೆ ಒಂದು ಬಿಸಿ ಮಾತು ಬಂದದ್ದಿಲ್ಲ. ಇಬ್ಬರಲ್ಲಿ ಯಾರು ದೊಡ್ಡವರು ಎಂಬ ಪ್ರಶ್ನೆಯೇ ಹುಟ್ಟುವಂತಿರಲಿಲ್ಲ. ನಲವತ್ತೆಂಟಕ್ಕೂ ತೊಂಬತ್ತೊಂದಕ್ಕೂ ನಡುವೆ ಅಷ್ಟು ಅಗಲದ ಜಾಗ ಬಿಟ್ಟ ಪುಣ್ಯಾತ್ಮ ಯಾರೋ ನನಗೆ ಗೊತ್ತಿಲ್ಲ; ನಮ್ಮ ಸಂಸಾರ ಆ ಜಾಗದಲ್ಲೇ ನೆಮ್ಮದಿಯಿಂದ ನಡೆದಿತ್ತು.

ಹೀಗಿರುವಾಗ ತಾವು ದೊಡ್ಡ ಮನಸ್ಸು ಮಾಡಿ ಕಡಬದಲ್ಲಿ ಬಾಕ್ಸಿಂಗ್ ತರಬೇತಿಗೆಂದು ತಗಡಿನ ಶೆಡ್ಡು ಕಟ್ಟಿಸಿದಿರಿ. ಶೆಡ್ಡು ಚೆನ್ನಾಗಿದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಶೆಡ್ಡಿನ ಮುಂದೆ ಕಮಾನು ನಿಲ್ಲಿಸಿ, ಅದಕ್ಕೆ ಮೂರೂ ತಾಲೂಕುಗಳ ಸಾರ್ವಕಾಲಿಕ ಶ್ರೇಷ್ಠ ಬಾಕ್ಸರನ ಹೆಸರಿಡುವುದೆಂದೂ, ಆ ಶ್ರೇಷ್ಠ ಯಾರೆಂದು ಸಾರ್ವಜನಿಕರೇ ಚರ್ಚಿಸಿ ತೀರ್ಮಾನಿಸಬೇಕೆಂದೂ ವಾಟ್ಸಾಪಿನಲ್ಲಿ ಪ್ರಕಟಿಸಿದಿರಿ. ನಮ್ಮ ಊರಿನವರಿಗೆ ಚರ್ಚೆ ಮಾಡಿ ಎಂದು ಬೇರೆ ಹೇಳಬೇಕಾಗಿತ್ತೇ?

ಗುತ್ತಿಗಾರಿನವರೆಲ್ಲ ಉಲ್ಲಾಸ ಎಂದರು. ಕಡಬದವರೆಲ್ಲ ಚನಿಯಪ್ಪ ಎಂದರು. ಕೇರಳದಿಂದ ಬಂದು ನೆಲೆಸಿದ ನೆಲ್ಯಾಡಿಯವರು ಎರಡೂ ಕಡೆಯ ವಾದವನ್ನು ಮಲಯಾಳದಲ್ಲಿ ಇನ್ನೂ ಚೆನ್ನಾಗಿ ಮಂಡಿಸಿದರು. ಒಂದೇ ಗುದ್ದಿಗೆ ಎದುರಾಳಿಯನ್ನು ಮಲಗಿಸಿದವರು ದೊಡ್ಡವರೋ, ಮೂರು ಸುತ್ತಿನಲ್ಲಿ ಒಂದೂ ಗುದ್ದು ತಾಗದಂತೆ ನೋಡಿಕೊಂಡವರು ದೊಡ್ಡವರೋ. ಇಬ್ಬರ ತೂಕವನ್ನೂ ಮನಸ್ಸಿನಲ್ಲೇ ಸಮ ಮಾಡಿ ನೋಡಿದರೆ ಯಾರು ಗೆಲ್ಲುತ್ತಿದ್ದರು. ಬಸ್‌ ಸ್ಟ್ಯಾಂಡಿನಿಂದ ಸೆಲೂನಿನವರೆಗೆ ಇದೇ ಮಾತು. ಮೊದಮೊದಲು ಯಜಮಾನರೂ ತಮ್ಮನೂ ಕೇಳಿ ನಕ್ಕರು. ಆಮೇಲೆ ನಗುವುದನ್ನು ಬಿಟ್ಟು ಕಿವಿಗೊಟ್ಟರು. ಒಂದು ಸಂಜೆ ನಮ್ಮ ಜಗಲಿಯಲ್ಲೇ, ನಾನು ಚಾ ತಂದಿಡುವಾಗ, ತಮ್ಮನೇ ಬಾಯಿ ಬಿಟ್ಟ.

"ಬಾವ, ಬೇಜಾರು ಮಾಡ್ಬೇಡಿ. ನಿಮ್ಮ ವಿಭಾಗದಲ್ಲಿ ಇಡೀ ರಾಜ್ಯಕ್ಕೆ ನಾಲ್ಕು ಜನ ಇದ್ದದ್ದು. ಒಂದು ವರ್ಷ ನೀವು ಸೀದಾ ಫೈನಲಿಗೇ ಹೋದದ್ದು, ನೆನಪುಂಟಾ?"

ಯಜಮಾನರು ಚಾ ಆರಿಸುತ್ತಾ, "ನಾಲ್ಕು ಜನವೂ ಮನುಷ್ಯರು ಮಾರಾಯ. ನಿನ್ನದು ಗುದ್ದಾ? ಸೊಳ್ಳೆ ಸಾಯಿಸುದಕ್ಕೂ ಅದಕ್ಕಿಂತ ಜೋರು ಬೇಕು" ಎಂದರು.

ಉಲ್ಲಾಸ ಅರ್ಧ ಚಾ ಹಾಗೇ ಇಟ್ಟು ಎದ್ದು ಹೋದ. ಮುಂದಿನ ವಾರ ಅವನ ಜೀಪಿನ ಟಯರು, ನನ್ನ ದುರದೃಷ್ಟಕ್ಕೆ, ನಮ್ಮ ಅಂಗಡಿಯ ಎದುರಿಗೇ ಪಂಕ್ಚರ್ ಆಯಿತು. ಒಳಗೆ ಕಡಬದ ದೇವಸ್ಥಾನವನ್ನೂ ನೋಡಿ ನೆಟ್ಟಣಕ್ಕೆ ಹೊರಟ ಬೆಂಗಳೂರಿನ ಯಾತ್ರಿಕರು ತುಂಬಿದ್ದರು, ಅವರಿಗೆ ರೈಲು ಹಿಡಿಯಲಿಕ್ಕಿತ್ತು. ಯಜಮಾನರು ಕುರ್ಚಿಯಿಂದ ಏಳಲಿಲ್ಲ. "ಚಾಂಪಿಯನ್ ಅಲ್ವಾ? ಜಾಕ್ ಬೇಡ, ಒಂದು ಕೈಯಲ್ಲಿ ಎತ್ತಿ ಹಿಡಿ, ನಾನು ಟಯರ್ ಬಿಚ್ತೇನೆ" ಎಂದರು. ತಮ್ಮ ಜಾಕ್ ತೆಗೆದು ಸ್ಟೆಪ್ನಿಯನ್ನು ತಾನೇ ಹಾಕಿಕೊಂಡ, ಯಾತ್ರಿಕರಿಗೆ ರೈಲು ತಪ್ಪಿತು. ಆ ಬೆಂಗಳೂರಿನವರು ಇವತ್ತಿಗೂ ನಮ್ಮ ಊರಿನ ಬಗ್ಗೆ ಏನೆಂದುಕೊಂಡಿದ್ದಾರೋ, ತಾವೇ ವಿಚಾರಿಸಿ ತಿಳಿಸಬೇಕು.

ಇದೆಲ್ಲ ನಗುವ ಮಾತು ಎಂದೇ ನಾನೂ ಇದ್ದೆ. ಆದರೆ ಹೊಸ ಅಕ್ಕಿ ಊಟದ ದಿನ ತಮ್ಮ ಬರಲಿಲ್ಲ. ನನ್ನ ಮದುವೆಯಾದ ಮೇಲೆ ಅವನಿಲ್ಲದೆ ನಮ್ಮ ಮನೆಯಲ್ಲಿ ಹೊಸ ಅಕ್ಕಿ ಉಂಡದ್ದೇ ಇಲ್ಲ. ಎಲೆ ಹಾಕಿ ಕಾದೆವು, ಫೋನು ಮಾಡಿದೆ, ಎತ್ತಲಿಲ್ಲ. ಯಜಮಾನರು ಬಡಿಸಿದ್ದಷ್ಟನ್ನೇ ಉಂಡು ಎದ್ದರು, ಪಾಯಸ ಬೇಡ ಎಂದರು. ಕೋಪ ಮಾಡಿಕೊಂಡು ತವರಿಗೆ ಹೋಗೋಣವೆಂದರೆ ಅಲ್ಲಿ ಇನ್ನೊಬ್ಬ ಚಾಂಪಿಯನ್ ಕೂತಿದ್ದಾನೆ. ಎರಡು ಮನೆಗಳ ನಡುವೆ ನಾನೊಬ್ಬಳೇ, ಯಾವ ತೂಕದ ವಿಭಾಗಕ್ಕೂ ಸೇರದವಳು.

ಆಗ ಬಂತು ತಮ್ಮ ಎರಡನೆಯ ಉಪಕಾರ. ಚರ್ಚೆ ಮುಗಿಯುವ ಲಕ್ಷಣವಿಲ್ಲದ್ದರಿಂದ ಇಬ್ಬರನ್ನೂ ರಿಂಗಿಗೆ ಇಳಿಸಿಯೇ ತೀರ್ಮಾನ ಮಾಡುವುದೆಂದು ತಾವು ಘೋಷಿಸಿದಿರಿ. ಐವತ್ತು ದಾಟಿದ, ಒಬ್ಬರು ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವ, ಇನ್ನೊಬ್ಬರು ಕನ್ನಡಕವಿಲ್ಲದೆ ಬಸ್ಸಿನ ಬೋರ್ಡು ಓದಲಾಗದ ಈ ವೀರರನ್ನು ತಾವು ಇನ್ನೂ ಯುವಕರೆಂದು ಭಾವಿಸಿದ್ದಕ್ಕೆ ಕುಟುಂಬದ ಪರವಾಗಿ ಕೃತಜ್ಞತೆಗಳು. ಪುತ್ತೂರಿನ ವ್ಯಾಯಾಮ ಶಿಕ್ಷಕಿ ಫಾತಿಮತ್ ಝುಹ್ರಾ ಅವರನ್ನು ರೆಫರಿಯಾಗಿ ಕರೆದಿರಿ. ಆ ಟೀಚರಿಗಾದರೂ ಬುದ್ಧಿ ಇತ್ತು. "ಒಂದೇ ವಿಭಾಗದಲ್ಲಿ ತೂಗಿದರೆ ಮಾತ್ರ ನಾನು ಬೆಲ್ ಹೊಡೆಸುದು. ಎಪ್ಪತ್ತೈದರ ಮೇಲೆ, ಎಂಬತ್ತರ ಒಳಗೆ. ಡಾಕ್ಟ್ರ ಸರ್ಟಿಫಿಕೇಟೂ ಬೇಕು" ಎಂದರು. ಆಗ ಯಜಮಾನರ ತೂಕ ಎಂಬತ್ತಾರು, ತಮ್ಮನದು ಅರವತ್ತಾರು. ಇದರಿಂದ ಇಬ್ಬರೂ ಹಿಂದೆ ಸರಿಯುತ್ತಾರೆಂದು ಟೀಚರೂ ನಾನೂ ಎಣಿಸಿದೆವು. ಚಾಂಪಿಯನ್ನರನ್ನು ನಾವಿಬ್ಬರೂ ಸರಿಯಾಗಿ ಅರ್ಥ ಮಾಡಿಕೊಂಡಿರಲಿಲ್ಲ.

ಮಾರ್ಚಿನ ಒಂದು ಭಾನುವಾರ ನಿಗದಿಯಾಯಿತು. ಅಲ್ಲಿಯವರೆಗಿನ ತಿಂಗಳುಗಳಲ್ಲಿ ಯಜಮಾನರು ಮುಳ್ಳುಸೌತೆ, ಮಜ್ಜಿಗೆ, ಬೇಯಿಸಿದ ಹುರುಳಿಯಲ್ಲಿ ಬದುಕಿದರು. ನನ್ನ ಒಲೆಯ ಮೇಲೆ ಎಣ್ಣೆಯ ಬಾಣಲೆ ಇಡುವಂತಿರಲಿಲ್ಲ, ಪಕ್ಕದ ಹೋಟೆಲಿನಲ್ಲಿ ಗೋಳಿಬಜೆ ಕರಿಯುವ ಹೊತ್ತಿಗೆ ಅವರು ಅಂಗಡಿಯ ಶಟರು ಎಳೆದು ಒಳಗೆ ಕೂರುತ್ತಿದ್ದರು. ಅತ್ತ ತಮ್ಮನಿಗೆ ಬೆಳಿಗ್ಗೆ ಎದ್ದರೆ ಮೊಟ್ಟೆ, ಮಧ್ಯಾಹ್ನ ಕೋಳಿ, ಸಂಜೆ ಬಾಳೆಹಣ್ಣಿನ ಜೊತೆ ತುಪ್ಪ. ಸಾಲದ್ದಕ್ಕೆ ಯಾತ್ರಿಕರು ಕೊಟ್ಟ ಪ್ರಸಾದವನ್ನೂ ಬಿಡುತ್ತಿರಲಿಲ್ಲ. ಯಜಮಾನರ ಹಳೆಯ ಬಾಕ್ಸಿಂಗ್ ಚಡ್ಡಿಯನ್ನು ನಾನು ತಿಂಗಳಿಗೊಮ್ಮೆ ಒಳಗೆ ಹಿಡಿದು ಹೊಲಿದೆ. ಬಸ್ಸಿನವರ ಕೈಯಲ್ಲಿ ಬರುತ್ತಿದ್ದ ತಮ್ಮನ ಚಡ್ಡಿಯನ್ನು ತಿಂಗಳಿಗೊಮ್ಮೆ ಬಿಚ್ಚಿ ಪಟ್ಟಿ ಸೇರಿಸಿದೆ. ಕೊನೆಗೆ ಅದರಲ್ಲಿ ಮೂಲ ಬಟ್ಟೆಗಿಂತ ಪಟ್ಟಿಯೇ ಹೆಚ್ಚಾಯಿತು. ಒಂದು ದಿನ ಯಜಮಾನರು ಬರಿಯ ಮಜ್ಜಿಗೆ ಕುಡಿದು ಮಲಗುವಾಗ, "ಅವನು ಹದಿನೆಂಟರ ಪ್ರಾಯದಲ್ಲಿ ತೂಕ ಇಳಿಸ್ಲಿಕ್ಕೆ ಪ್ರತಿ ಟೂರ್ನಮೆಂಟಿಗೂ ಇದನ್ನೇ ಮಾಡ್ತಿದ್ದದ್ದು. ನಾನು ಅವನ ಎದುರೇ ಕೂತು ಪರೋಟ ತಿಂತಿದ್ದೆ" ಎಂದು ಗೋಡೆಗೆ ಹೇಳಿದರು.

ತೂಕ ನೋಡುವ ದಿನದ ವೈಭವಕ್ಕೆ ತಾವೇ ಸಾಕ್ಷಿ. ಗುತ್ತಿಗಾರಿನಿಂದ ಪಿಕಪ್ಪುಗಳಲ್ಲಿ ಜನ ಬಂದರು, ಚರುಮುರಿ ಗಾಡಿ ಬಂತು, ತಾವು ಭಾಷಣ ಮಾಡಿದಿರಿ, ಇನ್ನೊಮ್ಮೆ ಮಾಡಿದಿರಿ. ಝುಹ್ರಾ ಟೀಚರು ತೂಕದ ಯಂತ್ರವನ್ನು ರಿಂಗಿನ ಮಧ್ಯದಲ್ಲೇ ಇಟ್ಟರು. ಯಜಮಾನರು ಹತ್ತಿದರು: ಎಪ್ಪತ್ತನಾಲ್ಕು. ತಮ್ಮ ಹತ್ತಿದ: ಎಂಬತ್ತೊಂದು. ಟೀಚರು ಯಂತ್ರವನ್ನು ಬದಲಿಸಿ ಇನ್ನೊಮ್ಮೆ ನೋಡಿದರು. ಅದೇ. ಒಬ್ಬರು ಇಳಿಯುತ್ತಾ, ಇನ್ನೊಬ್ಬ ಏರುತ್ತಾ, ಸೇರಬೇಕಾದ ಜಾಗವನ್ನು ಇಬ್ಬರೂ ದಾಟಿ ಹೋಗಿದ್ದರು.

ಟೀಚರು ದಯೆಯಿಂದ ಒಂದು ಗಂಟೆ ಅವಕಾಶ ಕೊಟ್ಟರು. ಯಜಮಾನರು ಶೆಡ್ಡಿನ ಮೆಟ್ಟಿಲಲ್ಲಿ ಕೂತು ಬಾಳೆಹಣ್ಣು ತಿನ್ನತೊಡಗಿದರು. ತಮ್ಮ ಯಾರದೋ ಮಳೆಕೋಟು ಹಾಕಿಕೊಂಡು, ಆ ಮಾರ್ಚಿನ ಬಿಸಿಲಿನಲ್ಲಿ, ಶೆಡ್ಡಿನ ಸುತ್ತ ಓಡತೊಡಗಿದ. ಒಂದು ಸುತ್ತಿಗೇ ಅವನ ಮುಖ ಕೆಂಪಾಯಿತು. ಇನ್ನೊಂದು ಸುತ್ತಿನಲ್ಲಿ ಯಜಮಾನರ ಎದುರು ಬಂದು, ಮೊಣಕಾಲು ಹಿಡಿದು ನಿಂತುಬಿಟ್ಟ. ನಾನು ಹತ್ತಿರದಲ್ಲೇ ಇದ್ದೆ, ಆದ್ದರಿಂದ ಮುಂದಿನ ಮಾತು ನನ್ನ ಕಿವಿಯಾರೆ ಕೇಳಿದ್ದು.

"ಬಾವ," ಎಂದ ತಮ್ಮ, ಉಸಿರು ಸಿಕ್ಕಿದಷ್ಟರಲ್ಲಿ. "ಈ ಶರೀರ ಹೊತ್ಕೊಂಡು ನೀವು ಮೂರು ಸುತ್ತು ಹೇಗೆ ನಿಲ್ತಿದ್ರಿ? ನನಗೆ ನಿಂತ್ಕೊಳ್ಳುದೇ ಆಗುದಿಲ್ಲ."

ಯಜಮಾನರು ಕೈಯಲ್ಲಿದ್ದ ಬಾಳೆಹಣ್ಣು ಕೆಳಗಿಟ್ಟರು. "ಕೋಟು ತೆಗಿ ಮಾರಾಯ. ಎಂತ ಸಾಯ್ತೀಯಾ? ಹದಿನೆಂಟರಲ್ಲಿ ಹಸಿದು ಓಡಿದ್ದು ಸಾಕು."

ಝಿಪ್ಪು ಸಿಕ್ಕಿಹಾಕಿಕೊಂಡಿತ್ತು. ಯಜಮಾನರೇ ಮೊಣಕಾಲೂರಿ ಅದನ್ನು ಬಿಡಿಸಿಕೊಟ್ಟರು. ಇಬ್ಬರೂ ಮೆಟ್ಟಿಲಲ್ಲಿ ಕೂತು ಉಳಿದ ಬಾಳೆಹಣ್ಣುಗಳನ್ನು ತಿಂದರು. ನನಗೂ ಒಂದು ಕೊಟ್ಟರು.

ಪಂದ್ಯ ರದ್ದು ಎಂದು ಟೀಚರು ಹೇಳಿದಾಗ ತಾವು ಸುಮ್ಮನಿದ್ದಿದ್ದರೆ ಈ ಪತ್ರ ಬೇಕಾಗಿರಲಿಲ್ಲ. ಆದರೆ ತಾವು ಮೈಕು ಹಿಡಿದು, ಶ್ರೇಷ್ಠ ಯಾರೆಂದು ಚಾಂಪಿಯನ್ನರೇ ಎರಡು ಮಾತು ಹೇಳಲಿ ಎಂದಿರಿ. ಯಜಮಾನರು, "ಕಮಾನಿಗೆ ಉಲ್ಲಾಸನ ಹೆಸರು ಹಾಕಿ. ಹಸಿದು ಹೊಡೆದವ ದೊಡ್ಡವ" ಎಂದರು. ಉಲ್ಲಾಸ ಮೈಕು ಕಿತ್ತುಕೊಂಡು, "ಹಾಗೆಲ್ಲ ಆಗುದಿಲ್ಲ. ಬಾವನ ಹೆಸರೇ ಹಾಕ್ಬೇಕು" ಎಂದ. ಯಜಮಾನರು, "ನನ್ನ ವಿಭಾಗದಲ್ಲಿ ನಾಲ್ಕೇ ಜನ ಇದ್ದದ್ದು" ಎಂದರು. ತಮ್ಮ, "ನಾಲ್ಕೂ ಜನ ಆನೆಯ ಹಾಗಿದ್ರು. ನನ್ನದು ಸೊಳ್ಳೆ ಹೊಡೆಯುವ ಗುದ್ದು" ಎಂದ. ಹೇಳುತ್ತಾ ಹೇಳುತ್ತಾ ಇಬ್ಬರ ಸ್ವರ ಏರಿತು. ಯಜಮಾನರು ಅವನ ಬನಿಯನ್ನಿಗೆ ಕೈ ಹಾಕಿ, "ಒಪ್ಪಿಕೋ, ನೀನೇ ದೊಡ್ಡವ" ಎಂದು ಅಲುಗಾಡಿಸಿದರು. ಟೀಚರು ನಡುವೆ ನುಗ್ಗಿ ಬಿಡಿಸಿದರು. ಆ ದಿನ ಅವರಿಗೆ ಸಿಕ್ಕಿದ ರೆಫರಿ ಕೆಲಸ ಅದೊಂದೇ.

ಹೀಗೆ ತಮ್ಮ ಕೃಪೆಯಿಂದ ಚರ್ಚೆ ಮುಗಿಯಲಿಲ್ಲ, ಮಗುಚಿಕೊಂಡಿತು ಅಷ್ಟೆ. ಕಡಬದವರು ಈಗ ಉಲ್ಲಾಸನ ಪರ, ಗುತ್ತಿಗಾರಿನವರು ಚನಿಯಪ್ಪನವರ ಪರ. ಆ ಸಂಜೆ ಇಬ್ಬರೂ ವಾದಿಸುತ್ತಲೇ ಜೀಪು ಹತ್ತಿ ಹೊರಟರು, ನನ್ನನ್ನು ಮೈದಾನದಲ್ಲೇ ಮರೆತರು. ನಾನು ಆಟೋದಲ್ಲಿ ಮನೆಗೆ ಬಂದರೆ, ಇಬ್ಬರೂ ಅಡುಗೆಮನೆಯಲ್ಲಿ ಎದುರುಬದುರು ಕೂತು, ಪಂದ್ಯ ಮುಗಿದ ಮೇಲೆಂದು ನಾನು ಮಾಡಿಟ್ಟಿದ್ದ ಕೋಳಿ ಸಾರನ್ನು ಪಾತ್ರೆಯಿಂದಲೇ ಬಡಿಸಿಕೊಳ್ಳುತ್ತಾ ಒಬ್ಬರನ್ನೊಬ್ಬರು ಹೊಗಳಿ ಜಗಳವಾಡುತ್ತಿದ್ದರು. ಅಂದಿನಿಂದ ತಮ್ಮ ಪ್ರತಿ ಸಂಜೆ ಬರುತ್ತಾನೆ. ಗಲಾಟೆಗೆ ನನ್ನ ಗಿರಾಕಿಗಳು ಬ್ಲೌಸಿನ ಅಳತೆ ಕೊಡಲು ಹೆದರುತ್ತಿದ್ದಾರೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಗಳು. ನಮ್ಮ ಕುಟುಂಬದಿಂದ ಹನ್ನೆರಡು ಕಿಲೋ ಇಳಿದಿದೆ, ಹದಿನೈದು ಕಿಲೋ ಏರಿದೆ; ಹೆಚ್ಚುವರಿ ಮೂರು ಕಿಲೋ ತಮ್ಮ ಸಂಘದ್ದು, ದಯವಿಟ್ಟು ಬಂದು ತೆಗೆದುಕೊಂಡು ಹೋಗಿ. ಬೆಂಗಳೂರಿನ ಯಾತ್ರಿಕರಿಗೆ ಆ ದಿನದ ರೈಲನ್ನು ವಾಪಸು ಕರೆಸಿ ಕೊಡಿ. ಕಮಾನಿಗೆ ಮಾತ್ರ ಯಾರ ಹೆಸರನ್ನೂ ಬರೆಸಬೇಡಿ. ಇಬ್ಬರಲ್ಲಿ ಯಾರದನ್ನು ಬರೆಸಿದರೂ ಗೆದ್ದವರು ರಾತ್ರಿಯೇ ಏಣಿ ತಂದು ಅಳಿಸುತ್ತಾರೆ. ಏಣಿ ಹಿಡಿಯಬೇಕಾದವಳು ನಾನು. ಬರೆಸಲೇಬೇಕೆಂಬ ಹಟ ತಮಗಿದ್ದರೆ, ನಾಳೆ ಸಂಜೆ ನಮ್ಮ ಮನೆಗೆ ಬಂದು ಅವರಿಬ್ಬರ ನಡುವೆ ಕೂತು ತೀರ್ಮಾನಿಸಿ. ಚಾ ನಾನು ಕೊಡುತ್ತೇನೆ, ಹೆಡ್‌ಗಾರ್ಡ್ ತಾವೇ ತನ್ನಿ.

ತಮ್ಮ ವಿಶ್ವಾಸಿ,
ದಮಯಂತಿ
(ಇಬ್ಬರು ಚಾಂಪಿಯನ್ನರ ಅಡುಗೆಯವಳು ಮತ್ತು ದರ್ಜಿ)

ವಿ.ಸೂ.: ಮುಂದಿನ ವರ್ಷ ತಾವು ಹಗ್ಗಜಗ್ಗಾಟದಲ್ಲಿಯೂ ಸಾರ್ವಕಾಲಿಕ ಶ್ರೇಷ್ಠರನ್ನು ಆರಿಸಲಿದ್ದೀರೆಂದು ಕೇಳಿ ಸಂತೋಷವಾಯಿತು. ನನ್ನ ಅತ್ತಿಗೆಯೂ ನಾದಿನಿಯೂ ಎದುರಾಳಿ ತಂಡಗಳಲ್ಲಿ ಎಳೆದವರು, ಇಬ್ಬರ ಕೈಯೂ ಇನ್ನೂ ಗಟ್ಟಿಯಾಗಿದೆ. ತಮ್ಮ ಮನೆಯ ವಿಳಾಸವನ್ನು ಇಬ್ಬರಿಗೂ ಈಗಾಗಲೇ ಕೊಟ್ಟಿದ್ದೇನೆ.