ಗಾಡಿಮನಿಯ ಬಿಸಿ ಫ್ರಿಜ್ಜು

ಸ್ನಾನ ಮುಗಿಸಿ ಬಂದ ಮೇಲೆ ಜಯಾಬಾಯಿಯವರು ಎರಡು ಕೆಲಸ ಮಾತ್ರ ಎಂದೂ ತಪ್ಪಿಸಿದವರಲ್ಲ. ತುಪ್ಪದ ಡಬ್ಬಿಯಲ್ಲಿ ಬೆಳೆದ ತುಳಸಿಗೆ ಒಂದು ಪಂಚಪಾತ್ರೆ ನೀರು ಹಾಕುವುದು. ಆಮೇಲೆ ಇನ್ಸುಲಿನ್ ಸೀಸೆಯನ್ನು ಫ್ರಿಜ್ಜಿನಿಂದ ತೆಗೆದು ಕೆನ್ನೆಗೆ ಒತ್ತಿಕೊಳ್ಳುವುದು. ತಂಪಿದ್ದರೆ “ಕೃಷ್ಣಾ” ಎಂದು ಒಳಗಿಡುತ್ತಿದ್ದರು. ಮಾನ್ವಿಗೆ ಬಂದ ಮೊದಲ ದಿನವೇ ಸೀಸೆ ಬೆಚ್ಚಗಾಗತೊಡಗಿತು. ಅಂದೇ ಅದನ್ನು ಒದ್ದೆ ಅರಿವೆ ಸುತ್ತಿದ ಮಣ್ಣಿನ ಗಡಿಗೆಗೆ ಇಳಿಸಿದ್ದರು. ಈಗ ಗಡಿಗೆಯ ಸೀಸೆ ಕೆನ್ನೆಗೆ, ಫ್ರಿಜ್ಜಿನ ಗೋಡೆ ಅಂಗೈಗೆ. ಗಡಿಗೆ ತಂಪು, ಫ್ರಿಜ್ಜು ಬಿಸಿ.

ಅವರ ಯಜಮಾನರು ಗುರುಪ್ರಸನ್ನ ಮಾಸ್ತರರು, ಮಾನ್ವಿಯಲ್ಲಿ ಮೂವತ್ತನಾಲ್ಕು ವರ್ಷ ವಿಜ್ಞಾನ ಹೇಳಿ ನಿವೃತ್ತರಾಗಿ ರಾಯಚೂರು ಸೇರಿದವರು. ಹಾಸಿಗೆ, ಒಲೆ, ನೀರಿನ ಟ್ಯಾಂಕು, ಗ್ಯಾಸಿನ ಮೇಲೆ ನಡೆಯುವ ಫ್ರಿಜ್ಜು ಎಲ್ಲ ಕೂಡಿಸಿದ ಹಳೆಯ ಟೆಂಪೋ ಒಂದನ್ನು ಕೊಂಡಿದ್ದರು. ಅವರು ಅದನ್ನು ಕ್ಯಾರವಾನ್ ಎನ್ನುತ್ತಿದ್ದರು. ಜಯಾಬಾಯಿ ಗಾಡಿಮನಿ ಎನ್ನುತ್ತಿದ್ದರು. ನಾಳೆ ನಸುಕಿನಲ್ಲಿ ಉಡುಪಿಗೆ ಹೊರಡುವುದು. ಅದಕ್ಕೆ ಮೂರು ದಿನ ಮೊದಲೇ ಮಾನ್ವಿಗೆ ಬಂದು ಕಲ್ಯಾಣ ಮಂಟಪದ ಹಿಂದಿನ ಬಯಲಿನಲ್ಲಿ ಗಾಡಿ ನಿಲ್ಲಿಸಿದ್ದರು. ಹಳೆಯ ಸಹೋದ್ಯೋಗಿಗಳಿಗೆಲ್ಲ ತೋರಿಸಬೇಕಲ್ಲ!

ಗುರುಪ್ರಸನ್ನ: ಇದು ಫ್ರಿಜ್ಜಲ್ಲ ಜಯಾ, ಕಪಾಟು. ಒಳಗ ದೀಪ ಇರೋ ಕಪಾಟು! ಮೊಸರು ನೋಡು, ಹುಳಿ ಹಿಡದು ಬುಸುಗುಡ್ಲಿಕ್ಕತ್ತದ.

ಜಯಾಬಾಯಿ: ನಾ ಏನಂತೀನಂದ್ರ ರೀ—

ಗುರುಪ್ರಸನ್ನ: ನೀ ಏನೂ ಅನಬ್ಯಾಡ. ಮೂವತ್ನಾಲ್ಕು ವರ್ಷ ವಿಜ್ಞಾನ ಹೇಳೀನಿ ನಾ. ತಡಿ, ಈಗರೆ ತಂಪಾತೇನೋ ನೋಡ್ತೀನಿ.

ಬಾಗಿಲು ತೆಗೆದರು, ಕೈ ಹಾಕಿದರು, ಮುಖ ಸಿಂಡರಿಸಿದರು, ಮುಚ್ಚಿದರು. ಬೆಳಗಿನಿಂದ ಇದು ಹನ್ನೊಂದನೆಯ ಸಲ.

ಜಯಾಬಾಯಿ: ಹತ್ತು ನಿಮಿಷಕ್ಕೊಮ್ಮೆ ಮುಚ್ಚಳ ತಗದು ನೋಡಿದ್ರ ಒಲಿ ಮ್ಯಾಲಿನ ಅನ್ನನೂ ಬೇಯಂಗಿಲ್ರಿ. ಇದೂ ಹಂಗ ಅಲ್ಲೇನು? ನಿನ್ನೆ ಬಂದ ಏಳು ಮಂದಿಗೂ ಬಾಗಲಾ ತಗದು ತಗದು ತೋರಿಸಿದ್ರಿ.

ಗುರುಪ್ರಸನ್ನ: ಫ್ರಿಜ್ಜು ಕೊಂಡವ್ರು ಫ್ರಿಜ್ಜು ತೋರಸ್ದ ಮತ್ತೇನು ತೋರಸ್ತಾರ? ರಾಯಚೂರಾಗ ಮನಿ ಮುಂದ ನಿಂತಾಗ ಇದರಾಗ ಬರ್ಫ ಆಗಿತ್ತು. ಇಲ್ಲಿ ಬಂದ ಕೂಡ್ಲೇ ಸೋಗು ಶುರು ಮಾಡ್ಯದ.

ಜಯಾಬಾಯಿ: ಅದನ್ನ ನಾನೂ ವಿಚಾರ ಮಾಡ್ದೆ. ಅಲ್ಲಿಗೂ ಇಲ್ಲಿಗೂ ಏನು ಫರಕು ಅಂದ್ರ—

ಗುರುಪ್ರಸನ್ನ: ಫರಕು ಏನದ? ಅಲ್ಲಿ ನಲವತ್ಮೂರು, ಇಲ್ಲಿ ನಲವತ್ನಾಲ್ಕು. ಒಂದು ಡಿಗ್ರಿಗೆ ಹೆದರೋ ಫ್ರಿಜ್ಜು ಎದಕ್ಕ ಬೇಕು? ನಾ ಒಂದು ನಿರ್ಧಾರ ಮಾಡೀನಿ. ಸಂಜೀತನಕ ಇದು ತಂಪಾಗ್ಲಿಲ್ಲಂದ್ರ ನಿನ್ನ ದೇವದುರ್ಗದ ಬಸ್ಸಿಗೆ ಕೂಡ್ರಸ್ತೀನಿ. ಹನ್ನೆರಡು ದಿನ ನಿನ್ನ ತಂಗಿ ವೇದಶ್ರೀ ಮನ್ಯಾಗ ಆರಾಮಿರು. ಈ ಬಿಸಲಾಗ ಔಷಧ ಕೆಟ್ರ ಯಾರು ಜವಾಬ್ದಾರಿ?

ಜಯಾಬಾಯಿ: ಗಡಗಿ ಅದಲ್ರಿ.

ಗುರುಪ್ರಸನ್ನ: ಘಾಟಿನ ತಿರುವಿನ್ಯಾಗ ಗಡಗಿ ಉಳ್ಳ್ಯಾಡಿ ಒಡೀತದ. ನೀ ಫಿಕರ್ ಮಾಡಬ್ಯಾಡ. ನಿನ್ನ ಹೆಸರೀಲೆ ಒಂದು ಸೇವಾ ಮಾಡಿಸಿ ಪ್ರಸಾದ ತರ್ತೀನಿ. ನೀ ಸಮುದ್ರ ನೋಡಿಲ್ಲಂತಿದ್ದಿ, ಹೌದಲ್ಲ? ಒಂದು ಬಾಟ್ಲಿ ಸಮುದ್ರದ ನೀರೂ ತರ್ತೀನಿ.

ಜಯಾಬಾಯಿ: ಸಮುದ್ರ ಬಾಟ್ಲಿನ್ಯಾಗ ಹಿಡೀತದೇನ್ರಿ?

ಅರವತ್ತೊಂದು ವರ್ಷದ ಆಸೆಯನ್ನು ಅವರು ಇಷ್ಟೇ ಮಾತಿನಲ್ಲಿ ಹೇಳಿದರು. ಹೇಳಬೇಕೆಂದದ್ದು ಇನ್ನೂ ಇತ್ತು. ಆದರೆ ಅಷ್ಟರಲ್ಲಿ ಮೋಟರ್ ಸೈಕಲ್ ಒಂದು ಬಂದು ನಿಂತಿತು. ಮಾಸ್ತರರು ಹೇಳಿಕಳಿಸಿದ್ದ ಫ್ರಿಜ್ಜು ರಿಪೇರಿಯವನು. ನಲವತ್ತು ದಾಟಿದವನು, ಹೆಗಲಿಗೆ ಚೀಲ, ಕಿವಿಯ ಮೇಲೆ ಪೆನ್ಸಿಲ್ಲು.

ಹುಲಿಗೆಪ್ಪ: ನಮಸ್ಕಾರ್ರಿ ಸರ್. ಗುರುತು ಸಿಕ್ತೇನ್ರಿ? ಬಾಗಲವಾಡ ಹುಲಿಗೆಪ್ಪ. ಎಂಟನೇತ್ತಾ ಬಿ ಕ್ಲಾಸು, ಕಡೀ ಬೆಂಚು.

ಗುರುಪ್ರಸನ್ನ: ಹುಲಿಗೆಪ್ಪ! ವಿಜ್ಞಾನದಾಗ ಹನ್ನೊಂದು ಮಾರ್ಕ್ಸ್ ತಗೊಂಡಾವ!

ಹುಲಿಗೆಪ್ಪ: ಹನ್ನೆರಡು ಸರ್. ಇರೋದೊಂದು ಯಾಕ ಕಡೀತೀರಿ.

ಗುರುಪ್ರಸನ್ನ: ಅಂಥಾವ ಈಗ ಫ್ರಿಜ್ಜು ರಿಪೇರಿ ಮಾಡ್ತಿ?

ಹುಲಿಗೆಪ್ಪ: ಏನ್ಮಾಡೋದ್ರಿ ಸರ್, ನೂರಕ್ಕ ನೂರು ತಗೊಂಡವ್ರ ಫ್ರಿಜ್ಜೂ ಕೆಡ್ತಾವಲ್ರಿ. ಇರ್ಲಿ, ಮೊದಲ ಹೇಳ್ರಿ, ಉರಿ ಅದೇನು?

ಗುರುಪ್ರಸನ್ನ: ಅದಪಾ. ನಿನ್ನೆ ಮಿರ್ಚಿ ಭಜಿ ತಿಂದೆ, ಎದಿ ತುಂಬ ಉರಿ.

ಹುಲಿಗೆಪ್ಪ: ಫ್ರಿಜ್ಜಿನ ಉರಿ ಸರ್! ಗ್ಯಾಸ್ ಮ್ಯಾಲ ಇಟ್ರ ಹಿಂದ ಸಣ್ಣ ನೀಲಿ ಉರಿ ಹತ್ತಬೇಕು.

ಗುರುಪ್ರಸನ್ನ: ಅದಾ? ಹತ್ತೇದ, ಹತ್ತೇದ.

ಹುಲಿಗೆಪ್ಪ: ಮತ್ತ ನೆಟ್ಟಗ ನಿಂತದೇನ್ರಿ?

ಗುರುಪ್ರಸನ್ನ: ನಾ? ಯಾರ ಮುಂದೂ ಬಗ್ಗಿದಾವಲ್ಲ.

ಹುಲಿಗೆಪ್ಪ: ಗಾಡಿ ಸರ್, ಗಾಡಿ. ಈ ನಮೂನಿ ಫ್ರಿಜ್ಜು ವಾರಿ ನಿಂತ್ರ ನಡ್ಯಂಗಿಲ್ಲ. ಅಮ್ಮಾರ, ಒಂದು ಗಂಗಾಳದಾಗ ನೀರು ಕೊಡ್ರಿ.

ಗಂಗಾಳವನ್ನು ನೆಲಕ್ಕಿಟ್ಟರೆ ನೀರೆಲ್ಲ ಒಂದೇ ಅಂಚಿಗೆ ಹೋಗಿ ಕೂತಿತು. ಹುಲಿಗೆಪ್ಪ ಹೊರಗೆ ಹೋಗಿ, ಒಂದು ಗಾಲಿಗೆ ಚಪ್ಪಟೆ ಕಲ್ಲಿಟ್ಟು, ಮಾಸ್ತರರಿಂದ ಗಾಡಿಯನ್ನು ಒಂದು ಮಾರು ಮುಂದಕ್ಕೆ ಹತ್ತಿಸಿ ನಿಲ್ಲಿಸಿದ. ನೀರು ಸಮನಾಯಿತು. ತಿರುಗಿ ಒಳಗೆ ಬಂದು ಫ್ರಿಜ್ಜಿನ ಬಾಗಿಲಿಗೆ ಮೂಗು ಹಚ್ಚಿದ.

ಹುಲಿಗೆಪ್ಪ: ಇನ್ನ ಉಸುರಾಟ ಹ್ಯಾಂಗದರಿ?

ಗುರುಪ್ರಸನ್ನ: ಉಸುರಾಟ ಛಲೋ ಅದಪಾ. ದಿನಾ ಪ್ರಾಣಾಯಾಮ ಮಾಡ್ತೀನಿ.

ಜಯಾಬಾಯಿ: ಹುಲಿಗೆಪ್ಪಾ, ನೀ ಫ್ರಿಜ್ಜಿನ ಹೆಸರು ಹಿಡದು ಕೇಳಪ್ಪಾ. ಇಲ್ಲಂದ್ರ ಎಲ್ಲಾ ಪ್ರಶ್ನಿನೂ ತಮಗ ಕೇಳ್ಯಾನಂತ ತಿಳಕೋತಾರ. ಆ ಉಸುರಾಟದ್ದ ನಾನೂ ಏನಂತೀನಂದ್ರ—

ಗುರುಪ್ರಸನ್ನ: ಜಯಾ, ಗಂಡಸ್ರು ಮಷೀನಿನ ಮಾತು ಆಡೋವಾಗ ನಡುವ ಬರಬ್ಯಾಡ.

ಹುಲಿಗೆಪ್ಪ: ಫ್ರಿಜ್ಜಿನ ಬೆನ್ನಿಂದ, ಗಾಡಿ ಹೊರಗ, ಎರಡು ಜಾಳಿಗಿ ಇರ್ತಾವ ಸರ್. ಕೆಳಗಿಂದ ಗಾಳಿ ಒಳಗ, ಮ್ಯಾಲಿಂದ ಬಿಸಿ ಹೊರಗ. ಅದನ್ನ ಒಂದು ಸಲ ನೋಡಬೇಕು ನಡ್ರಿ.

ಮೂವರೂ ಗಾಡಿಯ ಆಚೆ ಬದಿಗೆ ಬಂದರು. ಪಡುವಣ ಬಿಸಿಲು ಆ ಗೋಡೆಗೆ ನೇರ ಬಡಿಯುತ್ತಿತ್ತು. ಜಾಳಿಗೆ ಎಲ್ಲೂ ಕಾಣಲಿಲ್ಲ. ಕಂಡದ್ದು ಮೇಲಿನಿಂದ ಕೆಳಗಿನವರೆಗೆ ಎರಡು ಮಡಿಕೆ ಹಾಕಿ ಇಳಿಬಿಟ್ಟ ಮಾಸ್ತರರ ಜರಿಯಂಚಿನ ಪಂಚೆ. ಹುಲಿಗೆಪ್ಪ ಕೈ ಚಾಚಿದ.

ಗುರುಪ್ರಸನ್ನ: ಏ! ಏ! ಮುಟ್ಟಬ್ಯಾಡ! ಮಡೀಲೆ ಒಣಗ ಹಾಕೀನಿ! ನಾಳಿ ಪೂಜಾಕ್ಕ ಬೇಕು!

ಹುಲಿಗೆಪ್ಪ ಚಾಚಿದ ಕೈಯನ್ನು ಹಿಂದಕ್ಕೆಳೆದು ಬೆನ್ನ ಹಿಂದೆ ಕಟ್ಟಿಕೊಂಡ. ಆ ಕೈ ಹಿಂದೆ ಹೋದ ರೀತಿ ನೋಡಿ ಜಯಾಬಾಯಿ ನೆಲ ನೋಡಿದರು.

ಹುಲಿಗೆಪ್ಪ: ಮುಟ್ಟಿಲ್ರಿ ಸರ್. ಬರೇ ನೋಡಾಕತ್ತೀನಿ. ನೋಡಿದ್ರ ಏನೂ ಆಗಂಗಿಲ್ಲಲ್ರಿ?

ಗುರುಪ್ರಸನ್ನ: ಹಂಗ ತಿಳಕೋಬ್ಯಾಡಪಾ. ಇದು ಜಾತಿ ಮಾತಲ್ಲ, ಮಡಿ ಮಾತು. ಜಯಾನೂ ಮುಟ್ಟಂಗಿಲ್ಲ. ಅಷ್ಟ್ಯಾಕ, ಚಾ ಕುಡದೀನಿ, ಈಗ ನಾನೂ ಮುಟ್ಟಂಗಿಲ್ಲ.

ಹುಲಿಗೆಪ್ಪ: ಭಾರಿ ಸಮಾನತಾ ಆತು ಬಿಡ್ರಿ ಸರ್. ಯಾರೂ ಮುಟ್ಟಂಗಿಲ್ಲ, ಫ್ರಿಜ್ಜು ಸತ್ರೂ. ಅಲ್ರಿ, ಇಲ್ಲೇ ಯಾಕ ಹಾಕಿದ್ರಿ?

ಗುರುಪ್ರಸನ್ನ: ವಿಜ್ಞಾನ! ರಾಯಚೂರಾಗ ಮಾಳಗಿ ಮ್ಯಾಲ ತಂತಿ ಇತ್ತು. ಇಲ್ಲಿ ಬಂದ ಮ್ಯಾಲ ಕೈಯಿಟ್ಟು ನೋಡ್ದೆ, ಈ ಜಾಳಿಗ್ಯಾಗಿಂದ ಬಿಸಿ ಗಾಳಿ ಬರ್ಲಿಕ್ಕತ್ತಿತ್ತು. ಎದುರಿಗೆ ಬಿಸಲು, ಹಿಂದ ಬಿಸಿ ಗಾಳಿ. ಅರ್ಧ ತಾಸಿನಾಗ ಕಟಕಟಿ ಒಣಗ್ತದ. ದೇವರೇ ತೋರಿಸಿದ ಜಾಗ.

ಹುಲಿಗೆಪ್ಪ: ಪಂಚೆ ಒಣಗಸೋ ಮಷೀನು ಛಲೋ ಆಗೇದ ಸರ್. ಫ್ರಿಜ್ಜು ಮಾತ್ರ ಉಳಿದಿಲ್ಲ. ಒಂದು ಕೇಳ್ಲೇನ್ರಿ? ಎಂಟನೇತ್ತಾದಾಗ ನೀವು ನನ್ನ ಎಬ್ಬಿಸಿ ಒಂದು ಪ್ರಶ್ನಿ ಕೇಳಿದ್ರಿ. ‘ಬಿಸಿ ಗಾಳಿ ಎಲ್ಲಿ ಹೋಗ್ತದ?’ ನಾ, ‘ಹೊರಗ ಹೋಗ್ತದ ಸರ್’ ಅಂದೆ. ಬೆಂಚಿನ ಮ್ಯಾಲ ನಿಲ್ಲಿಸಿದ್ರಿ.

ಗುರುಪ್ರಸನ್ನ: ಮತ್ತ? ಮ್ಯಾಲ ಹೋಗ್ತದ ಅನಬೇಕಿತ್ತು.

ಹುಲಿಗೆಪ್ಪ: ಮ್ಯಾಲೇನೋ ಹೋಗ್ತದ್ರಿ. ಇಲ್ಲಿ ನೋಡ್ರಿ, ಮ್ಯಾಲ ಹೋಗಾಕತ್ತದ. ಅಲ್ಲಿ ನಿಮ್ಮ ಪಂಚೆ ಕುಂತದ. ಹೊಳ್ಳಿ ಕೆಳಗ ಬರಾಕತ್ತದ. ಹೊರಗ ಹೋಗಾಕ ಬಿಡ್ಲಿಲ್ಲಂದ್ರ ಒಳಗ ತಂಪೆಲ್ಲಿಂದ ಬರಬೇಕ್ರಿ?

ಮೂವತ್ತನಾಲ್ಕು ವರ್ಷದಲ್ಲಿ ಕಡೇ ಬೆಂಚಿನಿಂದ ಬಂದ ಇಂಥ ಉತ್ತರಕ್ಕೆ ಮಾಸ್ತರರ ಹತ್ತಿರ ಬೆಂಚು ಇರಲಿಲ್ಲ.

ಗುರುಪ್ರಸನ್ನ: ಸರಿ, ತಗಿಯೋಣ. ಜಯಾ, ಮಡಿಕೋಲು ಎಲ್ಲದ?

ಜಯಾಬಾಯಿ: ರಾಯಚೂರಾಗ. ಅಡಗಿಮನಿ ಮೂಲ್ಯಾಗ.

ಗುರುಪ್ರಸನ್ನ: ಹಂಗಾರ ನಾನ ಸ್ನಾನ ಮಾಡಿ ಬಂದು ತಗೀತೀನಿ.

ಅವರು ಗಾಡಿಯ ನಲ್ಲಿ ತಿರುವಿ ಕೈಯೊಡ್ಡಿದರು. ಬೆಳಗಿನಿಂದ ಬಿಸಿಲುಂಡ ಟ್ಯಾಂಕಿನ ನೀರು. “ಹಾಯ್!” ಎಂದು ಕೈ ಕೊಡವಿದರು.

ಹುಲಿಗೆಪ್ಪ: ಅಕ್ಕಿ ಹಾಕ್ರಿ ಸರ್, ಅನ್ನ ಆಗ್ತದ. ನೀರು ಆರಬೇಕಂದ್ರ ಹೊತ್ತು ಮುಣಗಬೇಕು. ನಾ ಹೋಗಿ ಯರಗೇರಾದ ಕೆಲಸ ಮುಗಿಸಿ ಬರ್ಲೇನು?

ಗುರುಪ್ರಸನ್ನ: ಹೊತ್ತು ಮುಣಗಿದ ಮ್ಯಾಲ ತಂಪಾದ್ರ ಏನು ಉಪಯೋಗ? ದೇವದುರ್ಗದ ಬಸ್ಸು ಐದಕ್ಕ ಅದ. ಇನ್ನ ಆಗೋ ಮಾತಲ್ಲ ಜಯಾ. ನಿನ್ನ ಚೀಲ ತುಂಬಿಕೋ.

ಜಯಾಬಾಯಿ: ನಾ ಏನಂತೀನಂದ್ರ—

ಗುರುಪ್ರಸನ್ನ: ಈಗ ಬ್ಯಾಡ ಜಯಾ.

ಹುಲಿಗೆಪ್ಪ: ಅನ್ಲಿ ಬಿಡ್ರಿ ಸರ್. ನಾ ಬಂದಾಗಿಂದ ಅಮ್ಮಾರ ಮಾತು ಕುಕ್ಕರ್ ಸೀಟಿ ಹಂಗ ಅರ್ಧಕ್ಕ ನಿಂದ್ರಾಕತ್ತದ. ಪೂರಾ ಒಂದು ಸಲ ಕೂಗ್ಲಿ.

ಜಯಾಬಾಯಿ: ಏನಿಲ್ರಿ. ಒಂದು ಶಾಸ್ತ್ರ ಕೇಳೂದಿತ್ತು. ಸುಟ್ಟ ವಸ್ತ್ರ ಮಡಿಗೆ ಬರ್ತದೇನು?

ಗುರುಪ್ರಸನ್ನ: ಛೇ ಛೇ! ಹರಿದದ್ದು, ಸುಟ್ಟದ್ದು ಖಂಡಿತ ಬರಂಗಿಲ್ಲ. ಉಟ್ಟು ಪೂಜಾ ಮಾಡಿದ್ರ ಮಾಡಿದ್ದೆಲ್ಲಾ ವ್ಯರ್ಥ. ಈ ವಿಷಯದಾಗ ನಾ ಭಾಳ ಕಟ್ಟುನಿಟ್ಟು. ಈಗ್ಯಾಕ ಅದು?

ಜಯಾಬಾಯಿ: ಹಂಗಾರ ಹುಲಿಗೆಪ್ಪಾ, ಧಾರಾಳ ಎಳಿಯಪ್ಪಾ. ಅದು ಮಡಿ ಬಿಟ್ಟು ಎರಡು ದಿನ ಆತು.

ಹುಲಿಗೆಪ್ಪ ಒಮ್ಮೆ ಮಾಸ್ತರರನ್ನು ನೋಡಿದ, ಒಮ್ಮೆ ಅಮ್ಮನವರನ್ನು ನೋಡಿದ, ಕಟ್ಟಿದ ಕೈ ಬಿಚ್ಚಿ ಎಳೆದ. ಜಾಳಿಗೆಯಿಂದ ಬಿಸಿ ಗಾಳಿ ಭುಸ್ಸೆಂದು ಮೂವರ ಮುಖಕ್ಕೂ ಬಡಿಯಿತು. ಪಂಚೆಯನ್ನು ಬಿಸಿಲಿಗೆ ಹಿಡಿದರೆ ನಡುವೆ ಎಂಟಾಣೆಯಷ್ಟು ತೂತು, ಸುತ್ತಲೂ ಕಂದು ಬಳೆ.

ಹುಲಿಗೆಪ್ಪ: ಉರಿಯ ಹೊಗಿ ಹೋಗೋ ಕೊಳವಿ ಇಲ್ಲೇ ಬರ್ತದ್ರಿ. ಪುಣ್ಯಾ ಮಾಡೀರಿ ಸರ್. ಇನ್ನೊಂದು ದಿನ ಬಿಟ್ಟಿದ್ರ ಪಂಚಿಗೂಡ ಗಾಡೀನೂ ಹೋಮ ಆಗ್ತಿತ್ತು.

ಗುರುಪ್ರಸನ್ನ: ಜಯಾ! ನಿನಗ ಯಾವಾಗ ಗೊತ್ತಾತು?

ಜಯಾಬಾಯಿ: ನಿನ್ನೆ ಮುಂಜಾನಿ. ನೀವು ಪೂಜಾ ಮಾಡ್ಲಿಕ್ಕತ್ತಿದ್ರಿ, ನಾ ಹಿಂದ ಕೂತಿದ್ದೆ. ತೂತಿನ್ಯಾಗಿಂದ ನಿಮ್ಮ ಮಣಕಾಲು ದರ್ಶನ ಕೊಡ್ತು.

ಗುರುಪ್ರಸನ್ನ: ಆಗೇ ಹೇಳಬಾರದೇನು?

ಜಯಾಬಾಯಿ: ಬಾಯಿ ತಗದೆ. ಮೂವತ್ನಾಲ್ಕು ವರ್ಷ ಅಂದ್ರಿ. ಮುಚ್ಚಿದೆ. ಇವತ್ತು ಮತ್ತ ತಗದೆ. ಮತ್ತ ಅಂದ್ರಿ.

ಮುಂದಿನ ಕೆಲಸ ಚಕಚಕ ನಡೆಯಿತು. ಗಾಡಿ ಬಯಲಿನಂಚಿನ ಬೇವಿನ ಮರದ ನೆರಳಿಗೆ ಹೋಯಿತು, ಜಾಳಿಗೆಯ ಬದಿ ಬಿಸಿಲಿಗೆ ಬೆನ್ನು ಮಾಡಿತು, ಗಾಲಿಯ ಕೆಳಗಿನ ಕಲ್ಲೂ ಹಿಂದೆಯೇ ಹೋಯಿತು, ಗಂಗಾಳದ ನೀರು ಇನ್ನೊಮ್ಮೆ ಸಮನಾಯಿತು. ಗಿಡಿದು ತುಂಬಿದ್ದ ಬಾಟಲಿಗಳನ್ನು ಹುಲಿಗೆಪ್ಪ ಅರ್ಧ ಹೊರಗೆ ತೆಗೆದ, ಒಳಗೂ ಗಾಳಿ ಆಡಬೇಕೆಂದು. ನಾಲ್ಕು ತಾಸು ಯಾರೂ ಬಾಗಿಲು ತೆಗೆಯಬಾರದೆಂದು ಹೇಳಿ, ಮಾಸ್ತರರ ಕಡೆಗೆ ವಿಶೇಷವಾಗಿ ನೋಡಿದ. ಐದರ ಬಸ್ಸು ಕೂಗಿಕೊಂಡು ಹೋದದ್ದು ಕೇಳಿಸಿತು. ಚೀಲ ತುಂಬಿಕೋ ಎಂದು ಯಾರೂ ಅನ್ನಲಿಲ್ಲ.

ಜಯಾಬಾಯಿ ಗಡಿಗೆಯ ಪಕ್ಕದ ತಂಬಿಗೆಯಿಂದ ಮಜ್ಜಿಗೆ ಬಗ್ಗಿಸಿ, ಮನೆಯವರು ಕುಡಿಯುವ ಲೋಟದಲ್ಲೇ ಹುಲಿಗೆಪ್ಪನ ಕೈಗೆ ಕೊಟ್ಟರು. ಕೆಳಗಿಡಲಿಲ್ಲ, ಕೈಗೇ ಕೊಟ್ಟರು. ಮಾಸ್ತರರು ನೋಡಿದರು. ಶಾಸ್ತ್ರ ಏನೂ ನೆನಪಾಗಲಿಲ್ಲ.

ಗುರುಪ್ರಸನ್ನ: ಎಷ್ಟು ಕೊಡಬೇಕಪಾ ನಿನಗ?

ಹುಲಿಗೆಪ್ಪ: ಒಂದು ಮಾರ್ಕು ಕೊಡ್ರಿ ಸರ್. ‘ಹೊರಗ ಹೋಗ್ತದ’ ಅಂದಿದ್ದಕ್ಕ. ಹದಿಮೂರು ಆಗ್ತದ. ಹೆಂಗೂ ಫೇಲೇ, ಆದ್ರೂ ಮನಸಿಗೆ ಸಮಾಧಾನ.

ಹೊತ್ತು ಮುಳುಗಿ, ನಾಲ್ಕು ತಾಸು ತುಂಬಿದ ಮೇಲೆ ಜಯಾಬಾಯಿ ಫ್ರಿಜ್ಜಿನ ಬಾಗಿಲು ತೆಗೆದು ಗೋಡೆಗೆ ಅಂಗೈ ಇಟ್ಟರು. “ಕೃಷ್ಣಾ,” ಎಂದರು. ಗಡಿಗೆಯ ಸೀಸೆ ಒಳಗೆ ಹೋಯಿತು. ಹೊರಗೆ ಬೇವಿಗೂ ದೀಪದ ಕಂಬಕ್ಕೂ ನಡುವೆ ಹುಲಿಗೆಪ್ಪ ಕಟ್ಟಿಹೋದ ಹಗ್ಗದ ಮೇಲೆ ಮಾಸ್ತರರ ಎರಡನೆಯ ಪಂಚೆ ಆಡುತ್ತಿತ್ತು. ಅವರು ಮೆಲ್ಲಗೆ ಹತ್ತಿರ ಬಂದರು.

ಗುರುಪ್ರಸನ್ನ: ಜಯಾ, ನಾ ಒಂದು ವಿಚಾರ ಮಾಡೀನಿ. ಹಾದ್ಯಾಗ ನಿನಗ ತ್ರಾಸಾಗಬಾರದು. ನಾಳಿಯಿಂದ ನಿನ್ನ ಸೀರಿನೂ ನಾನ ಒಣಗ ಹಾಕ್ತೀನಿ.

ಜಯಾಬಾಯಿ: ಬ್ಯಾಡ್ರೀ ನಮ್ಮಪ್ಪಾ. ನಿಮ್ಮ ಸೇವಾ ಆ ದೇವ್ರಿಗಿರ್ಲಿ. ನನಗೂ ಫ್ರಿಜ್ಜಿಗೂ ಒಂದೀಟು ಗಾಳಿ ಆಡ್ಲಿಕ್ಕೆ ಬಿಡ್ರಿ, ಅಷ್ಟ ಸಾಕು.