ಎಕ್ಝಾಸ್ಟ್ ಫ್ಯಾನಿನ ಬಾಣಂತಿ

ಮುಂಬೈ ಪಕ್ಕದ ಕಲ್ಯಾಣದ ಅಳಿಲುಗಳೆಲ್ಲ ನಮ್ಮಕ್ಕನನ್ನು ಕೇಳಿಯೇ ಮರ ಹತ್ತುತ್ತವೆ ಎಂದರೆ ನೀವು ನಂಬಲಿಕ್ಕಿಲ್ಲ. ಬೇಡ ಬಿಡಿ, ಅಕ್ಕ ನಂಬಿದ್ದಾಳೆ!

ಅವ್ವ ತೀರಿದ ಮೇಲೆ ನನ್ನನ್ನು ಸೊಂಟದ ಮೇಲೆ ಹೊತ್ತು ವಿಜಯಪುರದ ಕಡೆಯಿಂದ ಇಲ್ಲಿಗೆ ಬಂದವಳು ಅಕ್ಕ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟೆ. ಅಕ್ಕ ಶಾಲೆಯ ಬಾಗಿಲನ್ನೇ ಕಂಡವಳಲ್ಲ. ಆದರೆ ಅಳಿಲಿನ ವಿಷಯದಲ್ಲಿ ಆಕೆಯೇ ಹೆಡ್‌ಮಾಸ್ತರ್! ಮಧ್ಯಾಹ್ನ ಲೋಕಲ್ ಗಾಡಿಗಳ ಸದ್ದು ಜೋಗುಳದಂತೆ ತೇಲಿಬರುವಾಗ, ಕಿಟಕಿಗೆ ತಲೆಯಾನಿಸಿ, ಅರೆಗಣ್ಣಿನಲ್ಲಿ ಬೇವಿನ ಮರ ನೋಡುತ್ತ ಪಾಠ ಶುರು.

“ನಮ್ಮೂರಾಗ ಅಳಿಲಿಗೆ ಬೆನ್ನ ಮ್ಯಾಲೆ ಮೂರು ಗೆರಿ. ಇಲ್ಲಿ ನೋಡು, ಐದು!”

“ಯಾಕ?”

“ಮುಂಬೈಗೆ ಬಂದ ಮ್ಯಾಲೆ ಪ್ರಮೋಷನ್ ಆಗೈತಿ. ಪೊಲೀಸರ ತೋಳಿನ ಪಟ್ಟಿ ಇದ್ದಂಗ. ನಿನಗ ಒಂದರ ಬಂದೈತೇನು?”

ರಬಾಳೆಯ ಕಾರ್ಖಾನೆಯಲ್ಲಿ ನಾನು ಇನ್ನೂ ಹೆಲ್ಪರ್!

ಕಳೆದ ಬೇಸಿಗೆಯಲ್ಲಿ ಒಂದು ಅಳಿಲು ನಮ್ಮ ಅಡುಗೆಮನೆಯ ಎಕ್ಝಾಸ್ಟ್ ಫ್ಯಾನಿನ ಕಿಂಡಿಯಲ್ಲೇ ಬಾಣಂತನ ಹೂಡಿತು. ದೇವರ ಹೂಬತ್ತಿಗಳು ಗೂಡು ಸೇರಿದವು. ಅವ್ವನ ಸೀರೆಯಿಂದ ಹೊಲಿದ ಕೌದಿಯ ಕೆಂಪು ತುಂಡುಗಳೂ ಹೋದವು. ಕದ್ದದ್ದು ಅಳಿಲೋ, ಬಿಚ್ಚಿ ಕೊಟ್ಟದ್ದು ಅಕ್ಕನೋ, ಕೇಳಬೇಡಿ! ಫ್ಯಾನ್ ಬಂದ್. ಒಗ್ಗರಣೆಯ ಘಾಟು ಬಾಣಂತಿಗೆ ತಾಗದಿರಲೆಂದು ಕಿಂಡಿಗೆ ರಟ್ಟು ಬೇರೆ. ಘಾಟೆಲ್ಲ ನನಗೆ!

ಆಗಲೇ ನಮ್ಮ ಸೂಪರ್‌ವೈಸರ್ ರೊಟ್ಟಿ ಊಟಕ್ಕೆ ಬರುತ್ತೇನೆಂದರು. ನನಗೂ ಒಂದು ಗೆರೆ ಬಂದೀತೆಂಬ ಆಸೆ. ಮನೆ ತುಂಬ ಘಾಟು ತುಂಬಿಕೊಂಡರೆ ಬಂದೀತೇ? ಅಕ್ಕನನ್ನು ಮಾರ್ಕೆಟ್ಟಿಗೆ ಕಳಿಸಿ ಗೂಡು ಕಿತ್ತೆ. ಮೂರು ಮರಿ. ಕೂದಲಿಲ್ಲ, ಕಣ್ಣು ತೆರೆದಿಲ್ಲ. ಅಂಗೈಯಲ್ಲಿ ಬೆಚ್ಚಗೆ ಮಿಸುಕಿದವು. ಗೂಡಿನ ಸಮೇತ ಬೇವಿನ ಬುಡದಲ್ಲಿಟ್ಟು ಓಡಿಬಂದೆ. ತಾಯಿ ಬಾಲ ಬಡಿಯುತ್ತ ಕೂಗುತ್ತಲೇ ಇತ್ತು. ಆ ಕೂಗು ಕೇಳಬಾರದೆಂದು ಫ್ಯಾನ್ ಹಾಕಿದೆ.

ಅಕ್ಕ ತಡವಾಗಿ ಬಂದಳು. “ಮರಿ ಎಲ್ಲಿ?”

“ತಾವ ಹೋದ್ವು.”

ಅಕ್ಕ ಚೀಲ ಇಳಿಸಿ ರೊಟ್ಟಿ ಬಡಿಯಲು ಕೂತಳು. ಸೂಪರ್‌ವೈಸರ್ ಎಂಟು ರೊಟ್ಟಿ ತಿಂದು, ಪ್ರಮೋಷನ್ ಒಂದನ್ನು ಬಿಟ್ಟು ಬೇರೆಲ್ಲ ಮಾತಾಡಿ ಹೋದರು.

ವಾರವಿಡೀ ನಾನು ಬೇವಿನ ಮರದತ್ತ ತಲೆಯೆತ್ತಲಿಲ್ಲ. ಕೊನೆಗೆ ಅಕ್ಕನೇ ಕಿಟಕಿಗೆ ಎಳೆದು ತೋರಿಸಿದಳು. ಮೇಲಿನ ಕವಲಿನಲ್ಲಿ ಅವ್ವನ ಸೀರೆಯ ಕೆಂಪು ತುಂಡು ಗಾಳಿಗೆ ಆಡುತ್ತಿತ್ತು.

“ಒಂದೊಂದ ಮರಿ ಬಾಯಾಗ ಹಿಡಕೊಂಡು ಒಯ್ದಳು ತಾಯಿ. ಮೂರೂ ಮ್ಯಾಲೆ ಹೋಗೂತನಕ ನಾ ಕೆಳಗ ಚೀಲ ಹಿಡಕೊಂಡು ನಿಂತಿದ್ದೆ, ಬೆಕ್ಕು ಬರದಂಗ.”

“ಅಂದ್ರ ನಿನಗ ಅವತ್ತ ಗೊತ್ತಿತ್ತು?”

“ಸುಳ್ಳು ಹೇಳೂ ಮುಂದ ನೀ ಮೂಗು ಅಲ್ಲಾಡಸ್ತೀಯೋ, ಅಳಿಲಿನಂಗ. ಸಣ್ಣಾಂವ ಇದ್ದಾಗಿಂದ.”

ಹಾಗೆಂದು, ನಲವತ್ತು ದಾಟಿದ ನನ್ನ ಮೂಗನ್ನು ಸೆರಗಿನಿಂದ ಒರೆಸಿದಳು.