ಕಂಪ್ಯೂಟರಿಗೆ ನಾಮಿನಿ ಯಾರು?

ಮರೆವು ವಯಸ್ಸಿನ ದೋಷ ಎನ್ನುವವರನ್ನು ನಾನು ನಂಬುವುದಿಲ್ಲ. ನನ್ನ ಮಟ್ಟಿಗೆ ಅದು ಅತಿಯಾದ ಜಾಗ್ರತೆಯ ಫಲ. ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿದ್ದಷ್ಟು ಕಾಲ ಪ್ರತಿ ತಿಂಗಳ ಒಂದನೇ ತಾರೀಖು ಪಾಸ್‌ವರ್ಡ್ ಬದಲಿಸಬೇಕಿತ್ತು. ನಿವೃತ್ತನಾಗಿ ಜೀವನ್ ಬಿಮಾ ನಗರದ ಮನೆಯಲ್ಲಿ ಕೂತ ಮೇಲೂ ನಮ್ಮ ಹಳೆಯ ಕಂಪ್ಯೂಟರಿಗೆ ಆ ಶಿಸ್ತನ್ನು ತಪ್ಪದೆ ಪಾಲಿಸಿಕೊಂಡು ಬಂದೆ. ಅದನ್ನು ಕದಿಯಲು ಬಂದ ಕಳ್ಳ ತೂಕ ನೋಡಿಯೇ ವಾಪಸು ಹೋಗುತ್ತಾನೆ ಎಂದು ಹೆಂಡತಿ ಪದ್ಮ ಹೇಳುತ್ತಿದ್ದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಈ ತಿಂಗಳು ಒಂದನೇ ತಾರೀಖು ಪಾಸ್‌ವರ್ಡ್ ಬದಲಿಸಿದೆ. ಮೂರನೇ ತಾರೀಖು ಕಂಪ್ಯೂಟರು ನನ್ನನ್ನು ಗುರುತಿಸಲಿಲ್ಲ. ಹಿಂದಿನ ತಿಂಗಳದ್ದು, ಅದರ ಹಿಂದಿನದು, ಮನೆದೇವರ ಹೆಸರು, ನಿವೃತ್ತಿಯ ದಿನ, ಎಲ್ಲವನ್ನೂ ಒತ್ತಿ ನೋಡಿದೆ. ಕೊನೆಗೆ ಅದಕ್ಕೇ ಕನಿಕರ ಬಂದಿತೋ ಏನೋ, ಮರೆತರೆ ಇರಲಿ ಎಂದು ನಾನೇ ಬರೆದಿಟ್ಟಿದ್ದ ಸುಳಿವನ್ನು ತೋರಿಸಿತು. ಸುಳಿವು ಹೀಗಿತ್ತು: ‘ಎಂದಿನದೇ’.

ಒಳಗೆ ನನ್ನದೇನೂ ಇರಲಿಲ್ಲ. ಇದ್ದದ್ದು ಪದ್ಮಳ ಅಮ್ಮನ ದನಿ. ಆರು ವರ್ಷದ ಹಿಂದೆ ತೀರಿಕೊಂಡ ನಮ್ಮತ್ತೆಗೆ ಹತ್ತಾರು ಹಸೆಹಾಡುಗಳು ಬಾಯಿಗೆ ಬರುತ್ತಿದ್ದವು. ಒಂದನ್ನೂ ಬರೆದಿಟ್ಟವರಲ್ಲ. ಪದ್ಮ ಅವರ ಎದುರು ಕೂತು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದಳು. ಅದನ್ನೆಲ್ಲ ಕಂಪ್ಯೂಟರಿಗೆ ಹಾಕಿ, ಇನ್ನು ಭದ್ರವಾಯಿತು ಎಂದು ಘೋಷಿಸಿ, ಆ ಫೋನನ್ನು ಎಕ್ಸ್‌ಚೇಂಜಿಗೆ ಕೊಟ್ಟವನು ನಾನೇ. ಬರುವ ಭಾನುವಾರ ಅವಳ ತಂಗಿಯ ಮಗಳ ಮದುವೆ. ಹಸೆಗೆ ಕರೆಯುವಾಗ ಅಜ್ಜಿಯ ಹಾಡೇ ಆಗಬೇಕೆಂದು ಮದುಮಗಳು ಹಟ ಹಿಡಿದಿದ್ದಳು. ಪದ್ಮಳಿಗೆ ಮೊದಲ ನುಡಿ ಬಿಟ್ಟರೆ ಮುಂದಿನದು ನೆನಪಿರಲಿಲ್ಲ.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಸರ್ವಿಸಿನಲ್ಲಿದ್ದಾಗ ನಾನು ಕಂಡಕಂಡವರನ್ನೆಲ್ಲ, ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವರನ್ನೂ ಬಿಡದೆ, ನಾಮಿನಿ ಹೆಸರು ಬರೆಸಿದ್ದೀರಾ ಎಂದು ವಿಚಾರಿಸುತ್ತಿದ್ದೆ. ಪದ್ಮ ಕಾಫಿ ಲೋಟ ಇಟ್ಟು ಅದನ್ನೇ ಕೇಳಿದಳು.

“ಇದಕ್ಕೆ ನಾಮಿನಿ ಯಾರ್ರೀ?”

ನಾನು ಎದ್ದು ಹೋಗಿ ಮಹಡಿ ಮನೆಯವರನ್ನು ಕರೆತಂದೆ. ಅವರು ನೋಡಿ, ಎಲ್ಲ ಅಳಿಸಿ ಹೊಸದಾಗಿ ಶುರು ಮಾಡಿದರೆ ಸರಿಹೋಗುತ್ತದೆ ಎಂದರು. ಅವರಿಗೆ ಕಾಫಿ ಕೊಡದೆ ಕಳಿಸಿದೆವು.

ಮರುದಿನ ಕಂಪ್ಯೂಟರನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು, ಆಟೋದಲ್ಲಿ ಶಿವಾಜಿನಗರಕ್ಕೆ ಹೋದೆವು. ಅಲ್ಲಿ ನಸ್ರೀನ್ ಎಂಬಾಕೆಯ ರಿಪೇರಿ ಅಂಗಡಿಯಿದೆ. ಅವರ ತಂದೆ ಅದೇ ಮೇಜಿನ ಮೇಲೆ ರೇಡಿಯೋ ಬಿಚ್ಚುತ್ತಿದ್ದರು, ಈಕೆ ಕಂಪ್ಯೂಟರ್ ಬಿಚ್ಚುತ್ತಾರೆ. ಸಂಭವನೀಯ ಪಾಸ್‌ವರ್ಡ್‌ಗಳನ್ನು ಬರೆದು ತಂದಿದ್ದ ಎರಡು ಪುಟವನ್ನು ನಾನು ಮುಂದೆ ಹಿಡಿದೆ. ಆಕೆ ಅದನ್ನು ಮುಟ್ಟಲೂ ಇಲ್ಲ. ನಾಲ್ಕು ಸ್ಕ್ರೂ ತೆಗೆದು, ಒಳಗಿನ ಡಿಸ್ಕನ್ನು ಹೊರಗೆಳೆದು, ವೈರಿನಿಂದ ತನ್ನ ಕಂಪ್ಯೂಟರಿಗೆ ಸಿಕ್ಕಿಸಿದರು. ಹಾಡುಗಳೆಲ್ಲ ಸಾಲಾಗಿ ಪರದೆಯ ಮೇಲೆ ಬಂದು ನಿಂತವು.

“ನೀವು ಬೀಗ ಹಾಕಿರೋದು ಮುಂದಿನ ಬಾಗಿಲಿಗೆ ಅಂಕಲ್,” ಎಂದರು. “ಹಿಂದ್ಗಡೆ ಗೋಡೆನೇ ಇಲ್ಲ.”

ಅಂದರೆ ಇಷ್ಟು ವರ್ಷದ ನನ್ನ ಕಾವಲು ಹೊರಗಿಟ್ಟದ್ದು ಒಬ್ಬನನ್ನೇ. ಸರಿಯಾಗಿದೆಯೇ ನೋಡೋಣವೆಂದು ನಸ್ರೀನ್ ಒಂದು ಹಾಡು ಹಾಕಿದರು. ಅತ್ತೆಯ ದನಿ ಅಂಗಡಿಯ ತುಂಬ ಹರಡಿತು. ಪದ್ಮ ಮೇಜಿನ ಅಂಚು ಹಿಡಿದು ನಿಂತಳು, ಕಣ್ಣು ಒರೆಸಿಕೊಳ್ಳಲೂ ಇಲ್ಲ. ಸುಳ್ಳೇಕೆ ಹೇಳಲಿ, ಅತ್ತೆಯ ಮುಂದೆ ನಾನು ಎಂದೂ ಒಪ್ಪದಿದ್ದರೂ ಅವರು ಚೆನ್ನಾಗಿ ಹಾಡುತ್ತಿದ್ದರು. ಹಾಡು ಮುಗಿಯಿತು. ರೆಕಾರ್ಡಿನೊಳಗೆ ನಮ್ಮ ಮನೆಯ ಕಾಲಿಂಗ್ ಬೆಲ್ ಕೇಳಿಸಿತು, ಹಿಂದೆಯೇ ಅತ್ತೆಯ ಮಾತು.

“ಆಫ್ ಮಾಡೇ ಪದ್ಮ, ಅಳಿಯಂದಿರು ಬಂದ್ರು. ಹೋಗಿ ಬಾಗ್ಲು ತೆಗಿ, ಇವತ್ತೂ ಕೀ ಮರ್ತಿರ್ತಾರೆ.”

ನಸ್ರೀನ್ ಪರದೆಯಿಂದ ತಲೆಯೆತ್ತದೆ, ಇದರದ್ದು ಎರಡು ಕಾಪಿ ಮಾಡಿಕೊಡಲೇ ಎಂದು ಕೇಳಿದರು. ಕೇಳಿದ್ದು ಪದ್ಮಳನ್ನು.